ಹೊಳಲ್ಕೆರೆಯ ಸೊಸೆಯ ಕಂಪ್ಯೂಟರ್

ಕಂಪ್ಯೂಟರ್ ರಿಪೇರಿ ಮಾಡುವವರ ಬದುಕಿನಲ್ಲಿ ನಗು ಬರುವಂಥ ಸಂಗತಿಗಳಿಗೆ ಬರವಿಲ್ಲ. ಆದರೆ ಅವು ನಡೆಯುವ ಹೊತ್ತಿನಲ್ಲಿ ಯಾರೂ ನಗುತ್ತಿರುವುದಿಲ್ಲ. ಯಂತ್ರ ಕೆಟ್ಟ ಮನೆಯಲ್ಲಿ ಎಲ್ಲರ ಮುಖವೂ ಬಿಗಿದುಕೊಂಡಿರುತ್ತದೆ, ನನ್ನದು ಇನ್ನೂ ಒಂದು ಸುತ್ತು ಹೆಚ್ಚು. ನಗು ಬರುವುದು ಚಿತ್ರದುರ್ಗಕ್ಕೆ ವಾಪಸ್ ಬರುವ ಬಸ್ಸಿನಲ್ಲಿ, ಅದೂ ಕೂರಲು ಜಾಗ ಸಿಕ್ಕರೆ.

ಈ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ. ಹತ್ತನೇ ತರಗತಿ ಮುಗಿಸದೆ, ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಸ ಗುಡಿಸುತ್ತಿದ್ದೆ. ಅವರು ಬಿಸಾಡಿದ ಮದರ್‌ಬೋರ್ಡ್ ಪುಸ್ತಕಗಳನ್ನು ಮನೆಗೆ ತಂದು, ನಿಘಂಟು ಪಕ್ಕಕ್ಕಿಟ್ಟುಕೊಂಡು ಸಾಲುಸಾಲಾಗಿ ಓದಿದೆ. ಮೊದಲ ಪುಸ್ತಕ ಮುಗಿಯಲು ಒಂದು ವರ್ಷ ಹಿಡಿಯಿತು. ಎರಡನೆಯದು ಮೂರು ತಿಂಗಳಿಗೆ ಮುಗಿಯಿತು. ಆಮೇಲೆ ಅಂಗಡಿ ತೆರೆದೆ. ಹೆಂಗಸು ಕಂಪ್ಯೂಟರ್ ಬಿಚ್ಚುತ್ತಾಳೆ ಅಂತ ನೋಡಲು ಬಂದವರು ಮುಂದೆ ತಮ್ಮ ಕಂಪ್ಯೂಟರನ್ನೂ ತಂದರು.

ಹಾಗಾಗಿ ಹೊಳಲ್ಕೆರೆಯ ಒಬ್ಬ ಸೊಸೆ ತನ್ನಷ್ಟಕ್ಕೆ ಮದುವೆ ಆಲ್ಬಂ ವಿನ್ಯಾಸ ಮಾಡಲು ಕಲಿತು, ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು, ಮನೆಯ ಬೀದಿ ಕಡೆಯ ಕೋಣೆಯಲ್ಲಿ ಅಂಗಡಿ ಮಾಡಿಕೊಂಡಿದ್ದಾಳೆ ಎಂದು ಗೊತ್ತಾದಾಗ ನನಗೆ ಅವಳ ಮೇಲೆ ಒಂದು ಅಭಿಮಾನ ಹುಟ್ಟಿತು. ಯಂತ್ರ ಮಾತ್ರ ಫೋಟೊ ತೆರೆದ ಕೂಡಲೇ ನಿಂತು ಹೋಗುತ್ತಿತ್ತು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಅವಳ ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು:

"ನೋಡ್ರಿ ರಿಪೇರಿಯಮ್ಮ, ಯುಗಾದಿ ತನಕ ಸುಮ್ನಿರ್ತೀನಿ. ಅಷ್ಟರಾಗೆ ಇದು ನೆಟ್ಟಗಾಗ್ಲಿಲ್ಲ ಅಂದ್ರೆ ಈ ಕೋಣೆ ನನ್ನ ಚಿಕ್ಕ ಮಗನಿಗೆ. ಅವನು ಮೊಬೈಲ್ ಅಂಗಡಿ ಹಾಕ್ತಾನೆ."

ಸೊಸೆ ತಲೆ ತಗ್ಗಿಸಿ ಮೌಸ್ ಒರೆಸುತ್ತಿದ್ದಳು. ನನಗೆ ಅಂಥ ಮಾತು ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. "ಯುಗಾದಿಗೆ ಇದು ಓಡುತ್ತೆ. ನಾನು ಓಡಿಸ್ತೀನಿ" ಅಂದುಬಿಟ್ಟೆ. ಆಗ ಶಿವರಾತ್ರಿ ಕಳೆದು ಎರಡು ದಿನವಾಗಿತ್ತು.

೧. ಮೂರು ಎಳೆ

ಯಂತ್ರಕ್ಕೆ ಮೆಮೊರಿ ಸಾಲದು. ಇನ್ನೊಂದು ಪಟ್ಟಿ ಬೇಕು, ಇರುವುದರ ಜೋಡಿಯದೇ ಆಗಬೇಕು ಅಂತ ಚೀಟಿ ಬರೆದುಕೊಟ್ಟೆ. ಅದು ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ, ಕೆಳ ಅಂಚಿಗೆ ಬಂಗಾರದ ಬಣ್ಣದ ಸಣ್ಣ ಹಲ್ಲುಗಳು. ಆ ಹಲ್ಲು ಸರಿಯಾಗಿ ಕೂತರೆ ಮಾತ್ರ ಯಂತ್ರಕ್ಕೆ ಅದು ಇರುವುದು ಗೊತ್ತಾಗುತ್ತದೆ. ಸೊಸೆಯ ಮೈದುನ, ಅಂದರೆ ಅತ್ತೆ ಹೇಳಿದ ಆ ಚಿಕ್ಕ ಮಗ, ಹಿರಿಯೂರಿಗೆ ಹೋದವನು ಅಲ್ಲಿಂದ ತಂದು, ತಾನೇ ಹಾಕಿ, ಫೋನ್ ಮಾಡಿದ. "ಅಕ್ಕಾರೆ, ಹೊಸದು ಹಾಕಿದ ಮೇಲೆ ಹತ್ತೋದೇ ಇಲ್ಲ. ಕೀಂಯ್ ಕೀಂಯ್ ಅಂತೈತೆ."

ಹೋಗಿ ಪಟ್ಟಿ ಹೊರಗೆ ತೆಗೆದೆ. ಆ ಹಲ್ಲುಗಳ ಮೇಲೆ ಅಡ್ಡಲಾಗಿ ಮೂರು ಎಳೆ ವಿಭೂತಿ. ತಿರುಗಿಸಿದೆ. ಆ ಕಡೆಯೂ ಮೂರು ಎಳೆ, ನಡುವೆ ಒಂದು ಕುಂಕುಮದ ಬೊಟ್ಟು.

"ಇದನ್ನ ಯಾರು ಹಚ್ಚಿದ್ದು?"

"ನಾನೇ" ಎಂದರು ಅತ್ತೆ. "ಹೊಸ ಸಾಮಾನು ಮನೆಗೆ ಬಂದ್ರೆ ದೇವ್ರ ಮುಂದಿಟ್ಟು ಹಚ್ಚದೇ ಹಂಗೇ ಬಳಸ್ತಾರೇನ್ರಿ?"

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿ, ಬ್ರಷ್ಷಿನಿಂದ ಒರೆಸಿ, ಮತ್ತೆ ಕೂರಿಸಿದೆ. ಯಂತ್ರ ಹತ್ತಿಕೊಂಡಿತು. ಸೊಸೆ ಉಸಿರು ಬಿಟ್ಟಳು. ಅತ್ತೆ ಮಾತ್ರ ಹಚ್ಚಿದ್ದನ್ನು ಅಳಿಸಿದ್ದು ಸರಿಯಲ್ಲ ಎಂದು ನಿಂತಲ್ಲೇ ನಿಂತಿದ್ದರು. ನಾನು ಸಮಾಧಾನ ಹೇಳಿದೆ. "ಅಮ್ಮ, ಹೊರಗೆ ಪೆಟ್ಟಿಗೆ ಮೇಲೆ ಹಚ್ರಿ, ಸಾಕು."

"ಹೊರಗೆ ಹಚ್ಚಿದ್ರೆ ಒಳಗಿರೋದಕ್ಕೆ ಹೆಂಗೆ ಗೊತ್ತಾಗ್ತೈತೆ?"

"ಗುಡಿ ಹೊರಗೆ ಕಾಯಿ ಒಡೆದ್ರೆ ಒಳಗಿರೋ ದೇವ್ರಿಗೆ ಗೊತ್ತಾಗಲ್ವೇನಮ್ಮ?"

ಅವರು ಬಾಗಿ ಪೆಟ್ಟಿಗೆಯನ್ನೊಮ್ಮೆ ನೋಡಿದರು. ಆಮೇಲೆ ಹೇಳಿದರು:

"ಅದು ದೇವ್ರು ಕಣ್ರಿ. ಇದು ಹಿರಿಯೂರಿಂದ ಬಂದಿದ್ದು."

೨. ಬಿಳಿ ಪೇಸ್ಟು

ನಾನು ರಬ್ಬರಿನಿಂದ ತಿಕ್ಕಿದ್ದನ್ನು ಮೈದುನ ಪಕ್ಕದಲ್ಲೇ ನಿಂತು ನೋಡಿದ್ದ. ಈ ವಿದ್ಯೆ ಇಷ್ಟೇ ಎಂದು ಅವನಿಗೆ ಅನ್ನಿಸಿರಬೇಕು. ವಾರ ಕಳೆಯುವುದರೊಳಗೆ ಸೊಸೆ ಫೋನ್ ಮಾಡಿದಳು. "ಅಕ್ಕ, ಹತ್ತುತ್ತೆ, ಎರಡು ನಿಮಿಷಕ್ಕೆ ಆರಿಹೋಗುತ್ತೆ."

"ಯಾರಾದ್ರೂ ಬಿಚ್ಚಿದ್ರಾ?"

ಫೋನು ಮೈದುನನ ಕೈಗೆ ಹೋಯಿತು. "ಹೂಂ ಅಕ್ಕಾರೆ. ಸ್ವಲ್ಪ ನಿಧಾನ ಆಗಿತ್ತು. ಅದಕ್ಕೆ ಎಲ್ಲಾನೂ ರಬ್ಬರ್ ಹಾಕಿ ತಿಕ್ಕಿದೆ."

"ಎಲ್ಲಾನೂ ಅಂದ್ರೆ?"

"ಫ್ಯಾನ್ ಬಿಚ್ಚಿದ್ರೆ ಅದರ ಕೆಳಗೆ ಚೌಕದ್ದು ಒಂದು ಐತಲ್ಲ, ಅದರ ಮೇಲೆ ಯಾರೋ ಬಿಳೀದು ಏನೋ ಮೆತ್ತಿದ್ರು. ಗಟ್ಟಿಯಾಗಿ ಹಿಡಿದಿತ್ತು ನೋಡ್ರಿ, ಅದನ್ನ ತೆಗೆಯಾಕೆ ಅರ್ಧ ದಿನ ಹಿಡೀತು."

ಆ ಚೌಕದ್ದು ಪ್ರಾಸೆಸರ್. ಬಿಳಿಯದು ಅದರ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಪೇಸ್ಟು. ಮೊದಲ ಸಲ ಬಂದಾಗ ಅದನ್ನು ಮೆತ್ತಿದವಳು ನಾನೇ.

ಮರುದಿನ ಹೋದೆ. ಅವನಿಗೆ ಬಯ್ಯಲಿಲ್ಲ. ಅರ್ಧ ದಿನ ಕೂತು ಅಷ್ಟು ಚೊಕ್ಕವಾಗಿ ತಿಕ್ಕಿದವನಿಗೆ ಏನು ಹೇಳುವುದು? ಚೀಲದಿಂದ ಪೇಸ್ಟಿನ ಟ್ಯೂಬು ತೆಗೆದು, ಬೆರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು, ತೆಳುವಾಗಿ ಒಂದು ಎಳೆ ಹಚ್ಚಿದೆ. ಅದರ ಪಕ್ಕ ಇನ್ನೊಂದು ಹಚ್ಚಿದೆ. ಹಿಂದಿನಿಂದ ಅತ್ತೆ ನೋಡುತ್ತಿರುವುದು ನನಗೆ ಗೊತ್ತಿರಲಿಲ್ಲ.

"ಅಲ್ರಿ" ಎಂದರು ಅವರು, ಬೇಸರದ ದನಿಯಲ್ಲಿ. "ನಾನು ಹಚ್ಚಿದ್ದು ಅಳಿಸಿ ಹಾಕಿದ್ರಿ. ಈಗ ನೀವೇ ಬಿಳೀದು ಹಚ್ತಾ ಕುಂತೀರಿ. ನಾನು ಹಚ್ಚಿದ್ರೆ ಕಸ, ನೀವು ಹಚ್ಚಿದ್ರೆ ಶಾಸ್ತ್ರ."

೩. ಒದ್ದೆ ಕಂಬಳಿ

ಮೈದುನನಿಗೆ ಈಗ ಕೈ ರುಚಿ ಹತ್ತಿತ್ತು. ಅವನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ. ಪ್ರಾಸೆಸರ್ ಓಡಬೇಕಾದ ವೇಗಕ್ಕಿಂತ ಹೆಚ್ಚು ವೇಗಕ್ಕೆ ಅದನ್ನು ಓಡಿಸಬಹುದು, ಒಳಗಿನ ಸೆಟ್ಟಿಂಗಿನಲ್ಲಿ ಒಂದು ಅಂಕಿ ಏರಿಸಿದರೆ ಸಾಕು ಎಂದು ಅದರಲ್ಲಿ ಹೇಳಿದ್ದರಂತೆ. ಇದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಅವನು ಏರಿಸಿದ. ಅತ್ತಿಗೆಗೆ ಹೇಳಲಿಲ್ಲ.

ಎರಡು ದಿನ ಯಂತ್ರ ಹಾರಿತು. ಆಲ್ಬಂ ಪುಟ ಹಪ್ಪಳ ಮುರಿದಷ್ಟು ಸಲೀಸಾಗಿ ತೆರೆಯುತ್ತಿದೆ ಎಂದು ಸೊಸೆ ನನಗೆ ಫೋನ್ ಮಾಡಿ ಹೊಗಳಿದಳು. ಹೊಗಳಿಕೆಯನ್ನು ನಾನೂ ಸ್ವೀಕರಿಸಿದೆ. ಮೂರನೆಯ ದಿನ ಯಂತ್ರ ಕಾವಲಿಯ ಹಾಗೆ ಕಾದು, ನಿಂತು, ಹತ್ತಿ, ಮತ್ತೆ ನಿಂತಿತು.

ನಾನು ಹೋಗಿ ಕೋಣೆಯೊಳಗೆ ಕಾಲಿಟ್ಟಾಗ ಕಂಪ್ಯೂಟರ್ ಕಾಣಲಿಲ್ಲ. ಅದರ ಜಾಗದಲ್ಲಿ ಕರಿ ಕಂಬಳಿಯ ಒಂದು ಗುಡ್ಡೆ. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಚೊಂಬು ಹಿಡಿದು ಒಬ್ಬ ಅಜ್ಜ ಕೂತಿದ್ದ. ಹೊಸದುರ್ಗ ಕಡೆಯ ಕುರಿಗಾಹಿ. ಗೊಬ್ಬರಕ್ಕೆಂದು ಆ ಮನೆಯವರ ಹೊಲದಲ್ಲಿ ಮಂದೆ ನಿಲ್ಲಿಸಿದ್ದವನು.

ಮೊದಲು ಪ್ಲಗ್ ಕಿತ್ತೆ. ಆಮೇಲೆ ದನಿ ಬಂತು. "ಏನಜ್ಜ ಇದು! ಕರೆಂಟಿನ ಸಾಮಾನಿಗೆ ನೀರು ಹುಯ್ತಾರಾ? ಜೀವ ಹೋಗುತ್ತೆ!"

"ನೀರು ಹುಯ್ದಿಲ್ಲವ್ವ. ಕಂಬಳಿಗೆ ಚಿಮುಕಿಸೀನಿ. ಬ್ಯಾಸಿಗ್ಯಾಗೆ ನಮ್ಮ ನೀರಿನ ಗಡಿಗೆಗೆ ಹಿಂಗೇ ಸುತ್ತೋದು. ತಣ್ಣಗಿರ್ತೈತೆ."

"ಗಡಿಗೆ ತಾನೇ ಬಿಸಿ ಆಗಲ್ಲ ಅಜ್ಜ, ಹೊರಗಿನ ಬಿಸಿಲಿಗೆ ಬಿಸಿ ಆಗುತ್ತೆ. ಇದು ಒಳಗಿಂದ ಬಿಸಿ ಆಗುತ್ತೆ. ಅದರ ಮೇಲೆ ಕಂಬಳಿ ಹೊದಿಸಿದ್ರೆ ಆ ಬಿಸಿ ಹೊರಗೆ ಹೋಗೋದು ಎಲ್ಲಿಂದ?"

ಅಜ್ಜ ಚೊಂಬು ಕೆಳಗಿಟ್ಟ. "ಒಳಗಿಂದ ಅಂತ ಇವರು ಹೇಳಬೇಕಲ್ಲ" ಎಂದು ಮನೆಯವರ ಕಡೆ ನೋಡಿದ. "ಹಂಗಾದ್ರೆ ಕುರಿ ಲೆಕ್ಕ ಆತು. ಉಣ್ಣೆ ಕತ್ತರಿಸಿಬಿಡ್ರಿ."

ಕಂಬಳಿ ತೆಗೆದೆ. ತೇವ ಪೂರ್ತಿ ಆರುವ ತನಕ ಯಾರಿಗೂ ಮುಟ್ಟಲು ಬಿಡಲಿಲ್ಲ. ಪಕ್ಕದ ತಗಡು ಬಿಚ್ಚಿಟ್ಟೆ, ಏರಿಸಿದ ವೇಗವನ್ನು ಇಳಿಸಿದೆ, ನಾಲ್ಕು ದಿನ ಬಿಟ್ಟು ಬಂದು ಅಂಗೈ ಅಗಲದ ಹೊಸ ಫ್ಯಾನ್ ಒಂದನ್ನು ಕೂರಿಸಿದೆ. ಬಿಸಿ ಇಳಿಯಿತು. ಇಷ್ಟು ವರ್ಷದಲ್ಲಿ ನಾನು ಓದಿದ ಪುಸ್ತಕಗಳೆಲ್ಲ ಆ ಸಮಸ್ಯೆಗೆ ಹೇಳುವುದು ಅಜ್ಜ ಹೇಳಿದ್ದನ್ನೇ, ಸ್ವಲ್ಪ ಉದ್ದವಾಗಿ.

೪. ಅರ್ಧ ಗಂಟೆ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಫ್ಯಾನ್ ಹಾಕಿದ ಮರುದಿನವೇ ಸೊಸೆಯ ಫೋನು. ದನಿ ಕುಗ್ಗಿತ್ತು. "ಅಕ್ಕ, ಮತ್ತೆ ಆರಿಹೋಯ್ತು. ಬಟನ್ ಒತ್ತಿದ್ರೂ ಹತ್ತಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದ್ರೆ ಹತ್ತುತ್ತೆ."

"ಮಾನಿಟರ್?"

"ಅದೂ ಕಪ್ಪಾಗುತ್ತೆ."

"ರೂಮಿನ ಲೈಟು?"

"ಉರೀತಿರುತ್ತೆ ಅಕ್ಕ. ಕರೆಂಟ್ ಐತೆ."

ಕಾದು ನಿಲ್ಲುತ್ತದೆ, ಅರ್ಧ ಗಂಟೆ ಆರಿದ ಮೇಲೆ ಹತ್ತುತ್ತದೆ. ಬಿಸಿಯದೇ ಲಕ್ಷಣ. ಯಂತ್ರವನ್ನು ಹಳೇ ಸೀರೆಯಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ತಂದೆ. ಮೂರು ದಿನ ಹಗಲೆಲ್ಲ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ವಾಪಸ್ ಕೊಟ್ಟೆ. ಅದೇ ದಿನ ಸಂಜೆ ನಿಂತಿತು.

ಮತ್ತೆ ತಂದೆ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿದೆ, ಜಾಗ ಅದಲು ಬದಲು ಮಾಡಿದೆ. ಒಳಗಿನ ಬ್ಯಾಟರಿ ತೆಗೆದು ಎಲ್ಲ ಸೆಟ್ಟಿಂಗ್ ಮೊದಲಿನಂತೆ ಮಾಡಿದೆ. ಕರೆಂಟು ಕೊಡುವ ಪೆಟ್ಟಿಗೆಯನ್ನೇ ಬದಲಾಯಿಸಿದೆ. ನನ್ನ ಅಂಗಡಿಯಲ್ಲಿ ಹಸುವಿನ ಹಾಗೆ ಇರುತ್ತಿತ್ತು. ಹೊಳಲ್ಕೆರೆಗೆ ಹೋದರೆ ದಿನಕ್ಕೆ ಎರಡು ಸಲ ಸಾಯುತ್ತಿತ್ತು. ಸಮಯ ಬರೆದಿಡು ಎಂದು ಸೊಸೆಗೆ ಹೇಳಿದೆ. ಅವಳು ಬರೆದಿಟ್ಟಳು: ಬೆಳಿಗ್ಗೆ ಏಳರ ಸುಮಾರಿಗೆ, ಸಂಜೆ ಆರೂವರೆಯ ಸುಮಾರಿಗೆ. ಬಿಸಿಲಿಲ್ಲದ ಹೊತ್ತಿನಲ್ಲೇ ಬಿಸಿಯಾಗುವ ಯಂತ್ರವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಯುಗಾದಿಗೆ ನಾಲ್ಕು ದಿನ ಉಳಿದಾಗ ಹೋದರೆ, ಕೋಣೆಯ ಗೋಡೆಗೆ ಮೊಬೈಲ್ ಅಂಗಡಿಯ ಹೊಸ ಬೋರ್ಡು ಒರಗಿತ್ತು. ಬಣ್ಣ ಇನ್ನೂ ಹಸಿ. ಸೊಸೆ ಅದಕ್ಕೆ ಬೆನ್ನು ಹಾಕಿ ಕೂತು ಹೊರಕೆರೆದೇವಪುರದ ಯಾವುದೋ ಮದುವೆಯ ಆಲ್ಬಂ ಮುಗಿಸುತ್ತಿದ್ದಳು. "ನಿಂತೋಗೋದ್ರೊಳಗೆ ಆದಷ್ಟು ಮಾಡ್ಕೊಳ್ತೀನಿ ಅಕ್ಕ" ಎಂದಳು. ಆ ಮಾತು ನನಗೆ ಚುಚ್ಚಿತು.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಅಲ್ಲಿಯ ತನಕ ನಾನು ಹೋಗುತ್ತಿದ್ದುದು ಮಧ್ಯಾಹ್ನದ ಹೊತ್ತಿಗೆ. ಏಳಕ್ಕೆ ಮೊದಲೇ ಕೋಣೆಯಲ್ಲಿ ಕೂತು ಯಂತ್ರದ ಮೈ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಫ್ಯಾನು ಗುಂಯ್ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ನನ್ನ ಕೈ ಅದರ ಮೇಲೆಯೇ ಇತ್ತು, ಇನ್ನೂ ತಣ್ಣಗೇ ಇತ್ತು. ಮಾನಿಟರಿನ ಮೂಲೆಯ ಚಿಕ್ಕ ದೀಪವೂ ಆರಿತ್ತು. ಯಂತ್ರ ಕೆಟ್ಟು ನಿಂತರೂ ಮಾನಿಟರಿಗೆ ಕರೆಂಟು ಬರುತ್ತಲೇ ಇರುತ್ತದೆ, ಆ ದೀಪ ಆರಬಾರದು. ಆ ದೀಪದ ಬಗ್ಗೆ ಒಂದು ಪ್ರಶ್ನೆಯನ್ನು ಫೋನಿನಲ್ಲೇ ಕೇಳಬಹುದಿತ್ತು.

ಪ್ಲಗ್ಗಿನಿಂದ ಹೊರಟ ವೈರು ಗೋಡೆಯ ಮೇಲೆ ಹೋಗಿ ಒಂದು ತೂತಿನಲ್ಲಿ ನುಗ್ಗಿ ಆ ಕಡೆಯ ಕೋಣೆ ಸೇರಿತ್ತು. ಆ ಪ್ಲಗ್ ಹಾಕಿದವನು ಮೈದುನ. ಹತ್ತಿರ ಸಿಕ್ಕ ಬೋರ್ಡಿನಿಂದ ಎಳೆದಿದ್ದ. ಆ ಕಡೆಗೆ ಹೋಗಿ ನೋಡಿದೆ. ಅದು ದೇವರ ಕೋಣೆ. ಅತ್ತೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣು ಅದರಲ್ಲೇ ನೆಟ್ಟು ಪೂಜೆಗೆ ಕೂತಿದ್ದಾರೆ. ಅವರ ತಲೆಯ ಹತ್ತಿರ ಸ್ವಿಚ್ ಬೋರ್ಡು. ನಮ್ಮ ವೈರು ಸೇರಿದ ಸ್ವಿಚ್ಚು ಆಫ್ ಆಗಿತ್ತು.

ಪೂಜೆಗೆ ಕೂತವರನ್ನು ಮಾತಾಡಿಸುವಂತಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಸೊಸೆ ಬಂದು ನೋಡಿದಳು, ಸ್ವಿಚ್ ಬೋರ್ಡು ನೋಡಿದಳು, ಬಾಯಿಗೆ ಸೆರಗು ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ಅರ್ಧ ಗಂಟೆ ಕಳೆಯಿತು. ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡರು. ಎದ್ದು ಸ್ವಿಚ್ಚು ಹಾಕಿದರು.

"ಏನ್ರಿ ರಿಪೇರಿಯಮ್ಮ, ನೆಲದ ಮೇಲೆ ಕುಂತೀರಿ! ಚಾಪೆ ಮೇಲೆ ಕುಂತ್ಕಳ್ರಿ."

"ಅಮ್ಮ, ಆ ಸ್ವಿಚ್ ಯಾಕೆ ಆರಿಸಿದ್ರಿ?"

"ಇನ್ನೇನ್ ಮಾಡ್ಲಿ? ನೀವು ಆ ದೊಡ್ಡ ಫ್ಯಾನ್ ಹಾಕಿದಾಗಿಂದ ಅದು ಗುಂಯ್ ಅಂತೈತೆ. ಶಿವನ ಮುಂದೆ ಒಂದು ಗಳಿಗೆ ಮನಸ್ಸು ನಿಲ್ಲಲ್ಲ. ಬೆಳಿಗ್ಗೆ ಆರಿಸ್ತೀನಿ, ಸಂಜಿಗೆ ಆರಿಸ್ತೀನಿ, ಪೂಜೆ ಮುಗಿದ ಮೇಲೆ ಹಾಕ್ತೀನಿ. ಒಂದು ದಿನಾನೂ ಹಾಕೋದು ಮರೆತಿಲ್ಲ."

"ನೀವು ಆರಿಸಿದ್ದಕ್ಕೇ ಅದು ನಿಲ್ತಾ ಇದ್ದಿದ್ದು. ಅದು ಕೆಟ್ಟೇ ಇಲ್ಲ."

ಅತ್ತೆ ಸೊಸೆಯನ್ನು ನೋಡಿದರು, ಬಾಗಿಲಾಚೆ ಗೋಡೆಗೆ ಒರಗಿದ್ದ ಮೊಬೈಲ್ ಅಂಗಡಿಯ ಬೋರ್ಡನ್ನು ನೋಡಿದರು. ನ್ಯಾಯಕ್ಕೆ ಅಂಜುವ ಹೆಂಗಸು. "ಲೇ" ಎಂದು ಮಗನನ್ನು ಕೂಗಿದರು, "ಆ ಬೋರ್ಡ್ ಎತ್ಕೊಂಡು ಹೋಗು. ಬೇರೆ ಕಡೆ ಎಲ್ಲಾದ್ರೂ ಮಳಿಗೆ ನೋಡ್ಕೋ. ನಾನು ಆರಿಸಿದ ತಪ್ಪಿಗೆ ಅವಳ ಕೋಣೆ ಕಿತ್ಕಂಡ್ರೆ ನಾಳೆ ಪೂಜೆಗೆ ಹೆಂಗೆ ಕುಂತ್ಕಳ್ಳಿ?" ಸೊಸೆಗೆ ಹೇಳಿದರು: "ಆ ಅರ್ಧ ಗಂಟೆ ನೀನೂ ಕೈ ಬಿಡು. ಕಣ್ಣಿಗೂ ಒಳ್ಳೇದು."

ಸೊಸೆಯ ಕಣ್ಣು ತುಂಬಿತ್ತು. ಅಲ್ಲಿಗೆ ನಾನು ಎದ್ದು ಬರಬೇಕಿತ್ತು. ಆದರೆ ಅಷ್ಟು ದಿನ ಬಸ್ಸಿನಲ್ಲಿ ಆ ಭಾರ ಹೊತ್ತವಳು ನಾನು, ಸುಮ್ಮನೆ ಬರಲು ಮನಸ್ಸಾಗಲಿಲ್ಲ.

"ಅಮ್ಮ, ಎಷ್ಟು ಸಲ ಬಂದೆ, ಎಷ್ಟು ಸಲ ಬಿಚ್ಚಿದೆ. ಒಂದು ಮಾತು ಹೇಳಬಾರದಾಗಿತ್ತಾ?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನೀವು ಬಂದಾಗೆಲ್ಲ ನೆಟ್ಟಗೆ ಆ ಡಬ್ಬಿ ಹತ್ರ ಹೋಗಿ ಅದನ್ನೇ ಮುಟ್ಟಿ ಮುಟ್ಟಿ ವಿಚಾರಿಸ್ತಿದ್ರಿ. ಓದಿದವರು, ಅದು ಹೇಳ್ತೈತೇನೋ ಅಂತ ನಾನೂ ಸುಮ್ನಿದ್ದೆ."