ಹಸಿರಣ್ಣನಿಗೆ ಚಪ್ಪಾಳೆ, ಬಾಡಿಗೆಯವನಿಗೆ ಬೀಗ

ಟೀವಿ ಮುಂದೆ ಕೂತಾಗ ನಮ್ಮ ಜನ ಎಷ್ಟು ದೊಡ್ಡವರಾಗಿರುತ್ತಾರೆ, ಅದು ಆರಿದ ಮೇಲೆ ಎಷ್ಟು ಸಣ್ಣವರಾಗುತ್ತಾರೆ ಎಂಬುದನ್ನು ನೋಡಬೇಕಾದರೆ ಟೀವಿ ರಿಪೇರಿಯ ಕಸುಬು ಹಿಡಿಯಬೇಕು. ಧಾರವಾಡದಲ್ಲಿ ಇಪ್ಪತ್ತು ವರ್ಷ ಆ ಕೆಲಸ ಮಾಡಿದವನು ನಾನು. ಇಂಥ ಪ್ರಸಂಗ ವಾರಕ್ಕೊಂದಾದರೂ ಆಗುತ್ತಿತ್ತು. ತೊಂಬತ್ತರ ದಶಕದಲ್ಲಿ ಬರೀ ಹದಿನೈದು ದಿನಗಳಲ್ಲಿ ಆದವನ್ನಷ್ಟೇ ಹೇಳುತ್ತೇನೆ. ಎಲ್ಲವನ್ನೂ ಹೇಳಿದರೆ ನನಗೇ ಬೀಪಿ ಏರುತ್ತದೆ.

ಆಗ ರವಿವಾರ ಮಧ್ಯಾಹ್ನ ಹಿಂದಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಬೇರೆ ಗ್ರಹದಿಂದ ಬಂದ, ಹಸಿರು ಮೋರೆಯ ಒಬ್ಬ ವೀರನ ಕಥೆ. ಪ್ರತಿ ವಾರ ಊರವರು ‘ಹೊರಗಿನವ, ಓಡಿಸಿ’ ಎಂದು ಕಲ್ಲು ಹಿಡಿಯುತ್ತಿದ್ದರು. ಅವನು ಪ್ರತಿ ವಾರ ಅವರನ್ನೇ ಬೆಂಕಿಯಿಂದಲೋ ನೆರೆಯಿಂದಲೋ ಉಳಿಸುತ್ತಿದ್ದ. ಊರವರು ತಲೆ ತಗ್ಗಿಸುತ್ತಿದ್ದರು. ಮುಂದಿನ ವಾರ ಮತ್ತೆ ಕಲ್ಲು. ನಮ್ಮವರು ಅವನಿಗೆ ಹಸಿರಣ್ಣ ಎಂದು ಹೆಸರಿಟ್ಟು, ವಾರ ವಾರ ಕಣ್ಣೀರು ಹಾಕುತ್ತಿದ್ದರು.

ನನ್ನ ಅಂಗಡಿಯಲ್ಲಿ ಮಣಿಪುರದ ಒಬ್ಬ ಮೆಕ್ಯಾನಿಕ್ ಇದ್ದ. ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಕಲಿತು, ಅಲ್ಲಿ ಜೊತೆಗಿದ್ದ, ನಮ್ಮ ಪಕ್ಕದ ಗರಗ ಊರಿನ ಗೆಳೆಯನ ಮಾತು ಕೇಳಿ ಈ ಕಡೆ ಬಂದಿದ್ದ. ನಾನು ಮೂರು ದಿನ ತಿಣುಕಿದ ಟೀವಿಯನ್ನು ಅವನು ಚಹಾ ಆರುವುದರೊಳಗೆ ಮಾತಾಡಿಸುತ್ತಿದ್ದ. ಅಂಗಡಿಯಲ್ಲೇ ಮಲಗುತ್ತಿದ್ದ. ಈಗ ಅವನ ಹೆಂಡತಿ ಆರು ತಿಂಗಳ ಕೂಸಿನೊಂದಿಗೆ ಬರುವವಳಿದ್ದಳು. ಹದಿನೈದು ದಿನದೊಳಗೆ ಒಂದು ಬಾಡಿಗೆ ಖೋಲಿ ಆಗಬೇಕಿತ್ತು. “ಧಾರವಾಡದ ಮಂದಿ ಭಾಳ ಸುಸಂಸ್ಕೃತರಪಾ, ಚಿಂತಿ ಮಾಡಬ್ಯಾಡ” ಅಂದೆ. ಆ ಮಾತು ಆಡಿದ ನನ್ನ ಬಾಯಿಗೆ ಮಣ್ಣು ಹಾಕಬೇಕು.

೧. ಮಂಕಿ ಟೋಪಿ

ಮೊದಲ ಮನೆ ಸಪ್ತಾಪುರದಲ್ಲಿ. ಗೇಟಿನ ಮೇಲೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು. ಮನೆಯೊಡತಿ ಬಾಗಿಲು ತೆರೆದು, ನಮ್ಮ ಮಣಿಪುರಿಯ ಮುಖ ನೋಡಿದವಳೇ, “ಬ್ಯಾಡಪಾ, ಹೋದ ವರ್ಷದ್ದೇ ಇನ್ನೂ ಗಟ್ಟಿ ಅದಾವ” ಅಂದಳು.

ಏನು ಗಟ್ಟಿ ಅದಾವ ಅಂತ ನನಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಚಳಿಗಾಲದಲ್ಲಿ ಮುಂಡಗೋಡದ ಟಿಬೇಟಿಯನ್ನರು ನಮ್ಮಲ್ಲಿ ಬಂದು ಸ್ವೆಟರ್ ಮಾರುತ್ತಾರೆ. ಸಣ್ಣ ಕಣ್ಣಿನವರೆಲ್ಲ ಸ್ವೆಟರಿನವರು ಎಂದು ಈ ತಾಯಿಯ ಲೆಕ್ಕ.

“ಅಮ್ಮಾ, ಸ್ವೆಟರ್ ನಹೀ. ಮನಿ ಬೇಕು” ಎಂದು ಅವನೇ ಕೈಮುಗಿದ. ನಾನು ಅವನು ಯಾರು, ಎಲ್ಲಿಯವನು, ಹೆಂಡತಿ ಮಗು ಬರುವವರಿದ್ದಾರೆ ಎಂದು ಹತ್ತು ನಿಮಿಷ ವಿವರಿಸಿದೆ. ಆಕೆ ಗಲ್ಲಕ್ಕೆ ಕೈ ಇಟ್ಟು ಎಲ್ಲವನ್ನೂ ಕೇಳಿದಳು. “ಮನಿ ನಿನ್ನೇನ ಕೊಟ್ಟೇವ್ರಿ” ಅಂದಳು. ಬೋರ್ಡು ಅವಳ ತಲೆಯ ಪಕ್ಕದಲ್ಲೇ ತೂಗಾಡುತ್ತಿತ್ತು. ನಾವು ಗೇಟು ದಾಟುವಾಗ ಹಿಂದಿನಿಂದ ಕೂಗಿದಳು.

“ಮಂಕಿ ಟೋಪಿ ಏನರ ತಂದಾನ ಕೇಳ್ರಿ, ನಮ್ಮವರಿಗೆ ಬೇಕಾಗಿತ್ತು!”

೨. ನೀತಿಪಾಠ

ಎರಡನೆಯವರು ನಿವೃತ್ತ ಹೆಡ್‌ಮಾಸ್ತರರು. ಅವರ ಬಗ್ಗೆ ನನಗೆ ದೊಡ್ಡ ಭರವಸೆ ಇತ್ತು. ರವಿವಾರ ಧಾರಾವಾಹಿ ಮುಗಿದ ಕೂಡಲೇ ಟೀವಿ ಆರಿಸಿ, ಓಣಿಯ ಮಕ್ಕಳನ್ನೆಲ್ಲ ಎದುರು ಕೂಡಿಸಿ, “ಈ ಕಥಿಯಿಂದ ನಾವು ಕಲಿಯೂ ನೀತಿ ಏನು?” ಎಂದು ಕೇಳುತ್ತಿದ್ದರು. ಹೊರಗಿನವರನ್ನು ಕೀಳಾಗಿ ನೋಡಬಾರದು ಎಂದು ಮಕ್ಕಳು ಒಕ್ಕೊರಲಿನಿಂದ ಒದರಿದ ಮೇಲೆಯೇ ಅವರಿಗೆ ಊಟಕ್ಕೆ ಬಿಡುಗಡೆ.

ಮಾಸ್ತರರು ನಮ್ಮನ್ನು ಪ್ರೀತಿಯಿಂದ ಕೂಡಿಸಿದರು. ಚಹಾ ಕೊಟ್ಟರು. ಮಣಿಪುರದ ನೃತ್ಯದ ಬಗ್ಗೆ ಅರ್ಧ ತಾಸು ಮಾತಾಡಿದರು. ಇವನಿಗೆ ಆ ನೃತ್ಯ ಬರುತ್ತಿರಲಿಲ್ಲ, ಪಾಪ, ತಲೆಯಾಡಿಸುತ್ತ ಕೂತ. ಖೋಲಿಯ ಮಾತು ತೆಗೆದ ಕೂಡಲೇ ಮಾಸ್ತರರು ಚಷ್ಮಾ ಒರೆಸತೊಡಗಿದರು.

“ನೋಡ್ರಿ, ನನಗ ಭೇದ ಇಲ್ಲ. ಆದರ ಹೊರಗಿನವರಿಗೆ ಮನಿ ಕೊಡೂ ಪದ್ಧತಿ ನಮ್ಮಲ್ಲಿಲ್ಲ.”

“ಅಲ್ರಿ ಸರ್, ಪ್ರತಿ ರವಿವಾರ ನೀವ ಹೇಳ್ತೀರಲ್ರಿ…”

“ಅದು ಮಕ್ಕಳಿಗೆ!” ಎಂದು ಗದರಿದರು. ಆಮೇಲೆ ನನ್ನ ಕಡೆ ಬಾಗಿ, ಮನೆತನದ ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು.

“ಹೋದ ತಿಂಗಳ ಹುಬ್ಬಳ್ಳಿಯಾಂವಗ ಸುದ್ದಾ ಕೊಡಲಿಲ್ರಿ ನಾ. ಇನ್ನ ಮಣಿಪುರದಾಂವಗ ಹೆಂಗ ಕೊಡ್ಲಿ?”

೩. ಪೇಢೇ

ಮೂರನೆಯವ ಅರಳೆ ವ್ಯಾಪಾರಿ. ಮನೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಹೊರಗಿನವರು ಬಂದು ಬಂದು ಊರು ಹೇಗೆ ಕೆಟ್ಟಿದೆ ಎಂದು ಅವನು ನಮ್ಮ ಮುಂದೆಯೇ, ನಮ್ಮ ಮಣಿಪುರಿಯ ಕಣ್ಣಿಗೆ ಕಣ್ಣಿಟ್ಟೇ ಹೇಳಿದ. ಹೇಳುತ್ತ ಹೇಳುತ್ತ ಪೇಢೇದ ಡಬ್ಬಿ ಮುಂದಿಟ್ಟ. “ತಗೋರಿ, ನಮ್ಮ ಧಾರವಾಡದ್ದು. ಲೋಕದಾಗ ಎಲ್ಲೂ ಸಿಗಂಗಿಲ್ಲ.”

ನನಗೆ ಮೈ ಉರಿಯಿತು. “ಸಾವಕಾರ್ರ, ಇದನ್ನ ಮಾಡೂ ಮಂದಿ ಉತ್ತರದಿಂದ ಬಂದವರ್ರಿ. ಅವರಿಗೆ ಅವತ್ತು ನಿಮ್ಮಂಥವರು ಮನಿ ಕೊಡದ ಇದ್ದಿದ್ರ ಇವತ್ತು ಏನ್ ತಿಂತಿದ್ರಿ?” ಅಂದೆ.

ಸಾಹುಕಾರ ಇನ್ನೊಂದು ಪೇಢೇ ಬಾಯಿಗೆ ಹಾಕಿಕೊಂಡ. “ಖರೇ. ಅವರು ಪೇಢೇ ತಂದ್ರು. ಇಂವ ಏನ್ ತಂದಾನ?”

ನಮ್ಮವನಿಗೆ ಇದು ಖರೇ ಪ್ರಶ್ನೆ ಅನ್ನಿಸಿರಬೇಕು. ಚೀಲಕ್ಕೆ ಕೈ ಹಾಕಿ, ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟ.

೪. ಮಾಳಮಡ್ಡಿಯ ಮಾಳಿಗೆ

ಹೀಗೆ ಏಳು ಮನೆ ತಿರುಗಿದೆವು. ಒಬ್ಬ, ಮನೆಯಲ್ಲಿ ಹೆಂಗಸರಿದ್ದಾರೆ ಅಂದ. ಇನ್ನೊಬ್ಬ, ದೇವರಿದ್ದಾರೆ ಅಂದ. ಹದಿನೈದನೆಯ ದಿನ ಬಂತು. ರವಿವಾರ. ಹೆಂಡತಿ, ಕೂಸು ಸಂಜೆ ಐದರ ಗಾಡಿಗೆ ಇಳಿಯುವವರು. ಅವನು ಬೆಳಗಿನಿಂದ ಅನ್ನ ಮುಟ್ಟಿರಲಿಲ್ಲ.

ಮಧ್ಯಾಹ್ನ ಮಾಳಮಡ್ಡಿಯಿಂದ ಕರೆ ಬಂತು. ಅದೇ ನಮ್ಮ ಏಳನೆಯ ಮನೆ. ಹಿಂದಿನ ಖೋಲಿ ಕೊಡುವುದಿಲ್ಲ ಎಂದಿದ್ದ ಮಾಲೀಕನಿಗೆ ಈಗ ನಾವು ಬೇಕಾಗಿದ್ದೆವು. ಟೀವಿಯಲ್ಲಿ ಬರೀ ಚುಕ್ಕಿ. ಪಡಸಾಲೆಯಲ್ಲಿ ಓಣಿಯ ಮೂವತ್ತು ಜನ. ನಡುವೆ ಕುರ್ಚಿಯ ಮೇಲೆ ಮಾಲೀಕನ ತಾಯಿ, ಎಂಬತ್ತು ದಾಟಿದ ಅಜ್ಜಿ. ನಮ್ಮವನು ಮಾಳಿಗೆ ಹತ್ತಿ ನೋಡಿದ. ಗಾಳಿಗೆ ಆಂಟೆನಾದ ಕಂಬವೇ ಮುರಿದಿತ್ತು. ಬೇರೆ ದಾರಿಯಿಲ್ಲದೆ ಆಂಟೆನಾವನ್ನು ಕೈಯಲ್ಲಿ ಎತ್ತಿ ಹಿಡಿದು ಬಿಸಿಲಲ್ಲಿ ನಿಂತ. ಚಿತ್ರ ಬಂತು.

ಆ ವಾರ ಹಸಿರಣ್ಣ ಬಿರುಗಾಳಿಯಲ್ಲಿ ಮನೆ ಮನೆಯ ಬಾಗಿಲು ಬಡಿಯುತ್ತಿದ್ದ. ಯಾರೂ ತೆರೆಯುತ್ತಿರಲಿಲ್ಲ. ಅಜ್ಜಿಯ ಕಣ್ಣಲ್ಲಿ ಧಾರಾಕಾರ ನೀರು. “ಒಂದ್ ಖೋಲಿ ಕೊಡ್ರಲೇ ಪಾಪಿಗಳ್ರಾ! ನಿಮ್ಮ ಕೈ ಸೇದಿ ಹೋಗ್ಲಿ!”

ನನಗೆ ತಡೆಯಲಾಗಲಿಲ್ಲ. “ಅಜ್ಜಿ, ನಿಮ್ಮ ಮಾಳಗಿ ಮ್ಯಾಲ ನಿಂತಾನಲ್ಲ, ಅಂವನೂ ಹದಿನೈದು ದಿನದಿಂದ ಬಾಗಿಲಾ ಬಡ್ಯಾಕತ್ತಾನ. ಐದಕ್ಕ ಹೆಂಡ್ತಿ ಕೂಸು ಬರ್ತಾರ. ನಿಮ್ಮ ಮಗನೂ ಇಲ್ಲ ಅಂದಾರ.”

ಅಜ್ಜಿ ಮಗನ ಕಡೆ ತಿರುಗಿದಳು. “ಯಾಕಲೇ?”

“ಅವ್ವಾ, ಹಿಂದಿನ ಖೋಲ್ಯಾಗ ನಮ್ಮ ಹೊಲದ ಜ್ವಾಳ ತುಂಬೇವಲ್ಲ” ಎಂದು ಮಗ ತಡವರಿಸಿದ.

ನಾನು ಎದ್ದು ನಿಂತೆ. ಏಳು ಮನೆಯ ಸಿಟ್ಟನ್ನು ಅಲ್ಲೇ ಕಾರಿದೆ. “ಜ್ವಾಳದ ಚೀಲಕ್ಕ ಖೋಲಿ ಐತಿ, ಮನಷ್ಯಾಗಿಲ್ಲ! ನಾಚಿಕಿ ಬರಬೇಕು ನಿಮಗ!” ಮಾಲೀಕ ನೆಲ ನೋಡತೊಡಗಿದ. ಯಾರೋ ‘ಭೇಷ್’ ಅಂದರು. ಎದೆ ಸೆಟೆಸಿಕೊಂಡು ಕೂತೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನಿಧಾನವಾಗಿ ನೋಡಿದಳು. “ತಮ್ಮಾ, ಗುಡಿಗೆ ಹೋಗೂವಾಗ ನೋಡ್ತೇನಿ, ನಿಮ್ಮ ಮನಿ ಮ್ಯಾಲ ಒಂದ್ ಖೋಲಿ ಐತಲ್ಲ, ಅದರಾಗ ಯಾರದಾರ?”

“ಯಾರೂ ಇಲ್ಲ ಅಜ್ಜಿ. ಕೆಟ್ಟ ಟೀವಿ ಇಟ್ಟೇನಿ.”

“ಎಷ್ಟು ಅದಾವ?”

“ಹನ್ನೊಂದು.”

“ನಮ್ಮ ಜ್ವಾಳ ಉಣ್ಣಾಕರ ಬರ್ತಾವ” ಅಂದಳು.

ಹಸಿರಣ್ಣನನ್ನು ಬಿಟ್ಟು ಮೂವತ್ತು ಜನ ನನ್ನನ್ನು ನೋಡಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಲೀಕ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿಲ್ಲ. ಬೇರೆಯವರ ಮನೆ ಏಳು ತೋರಿಸಿದ್ದೆ, ನನ್ನ ಮನೆಯ ಮೆಟ್ಟಿಲು ಒಮ್ಮೆಯೂ ತೋರಿಸಿರಲಿಲ್ಲ.

ಸೈಕಲ್ ತುಳಿದು ಮನೆಗೆ ಓಡಿದೆ. ಏದುಸಿರು ಬಿಡುತ್ತ ಹೆಂಡತಿಗೆ ಎಲ್ಲ ಹೇಳಿದೆ. “ಹದಿನೈದು ದಿನ ಊರೆಲ್ಲಾ ಯಾಕ ತಿರುಗಿದ್ರಿ? ಇಲ್ಲೇ ಇರಬೌದಿತ್ತಲ್ಲ?” ಎಂದು ಕೇಳಿದಳು.

“ಮನ್ಯಾಗ ಹೆಂಗಸ್ರು ಇರ್ತಾರ, ನೀ ಏನ್ ಅಂತಿಯೋ ಅಂತ…”

“ನನ್ನ ಕೇಳಿದ್ರೇನ?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲನೆಯ ಟೀವಿಯನ್ನು ಅವಳೇ ಎತ್ತಿಕೊಂಡು ಕೆಳಗಿಳಿದಳು.