ಪುಷ್ಪೇಂದ್ರನ ಸ್ವಂತ ಸವಾರಿ

"ಆಗ್ರಾದ ಕೋಟೆ, ಗೋರಿಗಳನ್ನೆಲ್ಲ ಅರ್ಧ ದೇಶಕ್ಕೆ ತೋರಿಸಿದವನು ನಾನು. ನಿನ್ನೊಬ್ಬಳಿಗೆ ತೋರಿಸೋದು ಯಾವ ಮಹಾ ಕೆಲಸ?" ಎಂದು ಪುಷ್ಪೇಂದ್ರ ಮೀಸೆಯ ಮೇಲೆ ಕೈಯಾಡಿಸಿದ.

ತೋರಿಸಿದ್ದೇನೋ ನಿಜ. ಆದರೆ ಬಾಡಿಗೆ ಕಾರಿನ ಡ್ರೈವರ್ ತೋರಿಸುವುದು ಹೆಬ್ಬಾಗಿಲಿನವರೆಗೆ ಮಾತ್ರ. ಒಳಗೇನಿದೆ ಎಂಬುದು ದೇವರಿಗೂ ಗೈಡುಗಳಿಗೂ ಬಿಟ್ಟ ವಿಷಯ.

ಹೆಂಡತಿ ವಿನೀತಾ ಮದುವೆಯಾಗಿ ಬಂದಾಗಿನಿಂದ ಗಂಡನಿಗಿಂತ ಅವನ ಕೊಳೆಬಟ್ಟೆಯನ್ನೇ ಹೆಚ್ಚು ಕಂಡವಳು. "ತೋರಿಸೋದು ಬೇಡ ರೀ, ಒಂದು ದಿನ ಜೊತೆಗಿರಿ ಸಾಕು. ಅದೂ ಆಗಲ್ಲ ಅಂದ್ರೆ ಭರತಪುರಕ್ಕೆ ಅಮ್ಮನ ಮನೆಗೆ ಹೋಗಿ ಇದ್ದುಬಿಡ್ತೀನಿ. ಅಲ್ಲಿ ಜಗಳಕ್ಕಾದ್ರೂ ಜನ ಇದಾರೆ."

"ಇವತ್ತು ನಾನು ಡ್ರೈವರ್ ಅಲ್ಲ. ನಿನ್ನ ಗಂಡ. ಪೂರ್ತಿ ದಿನ," ಎಂದು ಪುಷ್ಪೇಂದ್ರ ಘೋಷಿಸಿದ. ಮಾಲೀಕನನ್ನು ಕಾಡಿ ಬೇಡಿ ಕಾರು ತಂದ. ಒರೆಸಿ ಹೊಳೆಯಿಸಿದ. ಆಮೇಲೆ ಗತ್ತಿನಿಂದ ಹಿಂದಿನ ಬಾಗಿಲು ತೆರೆದು ನಿಂತ.

ವಿನೀತಾ ಅವನ ಮುಖ ನೋಡಿದಳು, ಬಾಗಿಲು ನೋಡಿದಳು, ಸುಮ್ಮನೆ ಹಿಂದೆ ಹತ್ತಿ ಕೂತಳು. ಇವನಿಗೆ ಎಡವಟ್ಟು ಹೊಳೆಯುವಷ್ಟರಲ್ಲಿ ಸಿಕಂದ್ರಾ ಬಂದಿತ್ತು.

ಅಕ್ಬರನ ಗೋರಿಯ ಮುಂದೆ ಕಾರು ನಿಂತಿತೋ ಇಲ್ಲವೋ, ಅವನ ಬಾಯಿ ತಾನಾಗಿ ತೆರೆದುಕೊಂಡಿತು. "ಆರಾಮಾಗಿ ನೋಡ್ಕೊಂಡು ಬನ್ನಿ, ಗಾಡಿ ಇಲ್ಲೇ ಇರುತ್ತೆ."

"'ಬನ್ನಿ'ನಾ? ಯಾರಿಗೆ?"

ಅವನು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವಳು ಗೇಟು ದಾಟಿ ಹೋಗಿಯಾಗಿತ್ತು. ತೋಟದಲ್ಲಿ ಜಿಂಕೆಗಳಿದ್ದವಂತೆ. ಅದನ್ನು ಅವಳು ಆಮೇಲೆ ಕಿಟಕಿಗೆ ಹೇಳಿದಳು, ಇವನಿಗಲ್ಲ.

ಊಟದಲ್ಲಿ ಎಲ್ಲ ಸರಿಮಾಡಬೇಕೆಂದು ಹೆದ್ದಾರಿಯ ಢಾಬಾಕ್ಕೆ ಕರೆತಂದ. ಫ್ಯಾಮಿಲಿ ಹಾಲಿನಲ್ಲಿ ಅವಳನ್ನು ಕೂರಿಸಿ ಎರಡು ಥಾಲಿ ಹೇಳಿದ. ಕೈ ತೊಳೆಯಲು ಹಿತ್ತಲಿಗೆ ಹೋದ. ಅಲ್ಲಿ ಬೇವಿನ ಮರದಡಿ ಡ್ರೈವರುಗಳ ಹಗ್ಗದ ಮಂಚ. ಸವಾರಿ, ಅಂದರೆ ಬಾಡಿಗೆ ಕೊಟ್ಟು ಬಂದ ಗಿರಾಕಿ, ಒಳಗೆ ಉಣ್ಣುತ್ತದೆ, ಡ್ರೈವರ್ ಇಲ್ಲಿ ಪುಕ್ಕಟೆ ಉಣ್ಣುತ್ತಾನೆ. ಈ ದಾರಿಯ ಪದ್ಧತಿಯೇ ಅದು. ಆ ಮಂಚ ಕಾಲುಗಳಿಗೆ ಬಾಯಿಪಾಠ, ಹೋಗಿ ಕೂತೇಬಿಟ್ಟ. ಬಿಸಿ ರೊಟ್ಟಿ ಕೈಗೆ ಬಂತು.

"ಇವತ್ತಿನ ಸವಾರಿ ಹೇಗಿದೆಯಪ್ಪ?" ಎಂದ ಪಕ್ಕದವನು.

"ತಕರಾರಿಲ್ಲ ಭಯ್ಯಾ. ಒಬ್ಬರೇ ಹೆಂಗಸು. ಪಾಪ, ಮಾತೇ ಆಡಲ್ಲ," ಎಂದುಬಿಟ್ಟ.

ಎರಡನೇ ರೊಟ್ಟಿ ಮುರಿಯುವಾಗ ತಾನು ಹೇಳಿದ್ದು ಯಾರ ಬಗ್ಗೆ ಎಂದು ಹೊಳೆಯಿತು. ಎದ್ದು ಓಡಿದ. ಹಾಲಿನಲ್ಲಿ ವಿನೀತಾ ಖಾಲಿ ತಟ್ಟೆಯ ಮುಂದೆ ಕೂತಿದ್ದಳು. ಎದುರಿನ ತಟ್ಟೆಯಲ್ಲಿ ದಾಲ್ ಆರಿ ಕೆನೆಗಟ್ಟಿತ್ತು.

"ಊಟ ಆಯ್ತಾ?" ಎಂದಳು. ಅವನ ಮೀಸೆಗೆ ಹತ್ತಿದ್ದ ಸಾರನ್ನು ನೋಡಿ ಉತ್ತರಕ್ಕೆ ಕಾಯಲಿಲ್ಲ.

ಫತೇಪುರ್ ಸಿಕ್ರಿಯಲ್ಲಂತೂ ಒಳಗೆ ಹೋಗಿಯೇ ತೀರುವುದೆಂದು ಆಣೆ ಮಾಡಿದ. "ನೀನು ನಡೀತಿರು, ಗಾಡಿಯನ್ನ ನೆರಳಿಗೆ ಹಾಕಿ ಬಂದೆ." ನೆರಳೂ ಸಿಕ್ಕಿತು. ನೆರಳಲ್ಲಿ ಇಂಜಿನ್ ಆರಿದೊಡನೆ ಸೀಟು ಹಿಂದಕ್ಕೆ ವಾಲಬೇಕು, ಮುಖಕ್ಕೆ ಟವೆಲ್ ಬೀಳಬೇಕು, ವರ್ಷಗಳ ಶಿಸ್ತು. ಕಣ್ಣು ಬಿಟ್ಟಾಗ ನೆರಳು ಎದ್ದು ಪಕ್ಕದ ಕಾರಿನ ಮೇಲೆ ಹೋಗಿ ಕೂತಿತ್ತು.

ಏದುಸಿರು ಬಿಡುತ್ತ ಬುಲಂದ್ ದರ್ವಾಜಾ ಎಂಬ ಹೆಬ್ಬಾಗಿಲಿನ ಮೆಟ್ಟಿಲು ಹತ್ತಿದ. ಬದುಕಿನಲ್ಲಿ ಮೊದಲ ಸಲ ಒಳಗೆ ಬಂದಿದ್ದ. ಅಷ್ಟು ದೊಡ್ಡ ಅಂಗಳವಿರಬಹುದೆಂದು ಅವನು ಎಣಿಸಿರಲೇ ಇಲ್ಲ. ಎಲ್ಲಿ ನೋಡಿದರೂ ಜೋಡಿಗಳು, ಸಂಸಾರಗಳು. ತನ್ನದನ್ನು ಮಾತ್ರ ಯಾವ ಕಡೆ ಹುಡುಕಬೇಕೋ ತಿಳಿಯದೆ, ತಪ್ಪಿಸಿಕೊಂಡ ಮಗುವಿನಂತೆ ನಡುವೆ ನಿಂತ.

ಕೊನೆಗೆ ಕಂಬದ ನೆರಳಲ್ಲಿ ಅವಳು ಕಂಡಳು. ಯಾವುದೋ ಊರಿನ ಮುದುಕಿಯೊಬ್ಬಳ ಪಕ್ಕ ಕೂತು, ಅವಳು ಕೊಟ್ಟ ಪೂರಿ ತಿನ್ನುತ್ತಿದ್ದಳು. ಬೆಳಗಿನಿಂದ ಮೊದಲ ಬಾರಿಗೆ ನಗುತ್ತಿದ್ದಳು.

"ಯಾರಮ್ಮಾ ಇವನು, ಬೆವರು ಸುರಿಸ್ಕೊಂಡು ನಿಂತಿದಾನೆ?" ಎಂದಳು ಮುದುಕಿ.

ವಿನೀತಾ ಅವನನ್ನು ಒಂದು ಗಳಿಗೆ ನೋಡಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನಮ್ಮ ಡ್ರೈವರ್, ಅಜ್ಜಿ."

ಮುದುಕಿ ಕಾಗದದಲ್ಲಿ ಎರಡು ಪೂರಿ ಸುತ್ತಿ ಅವನ ಕೈಗಿಟ್ಟಳು. "ತಗೋಪ್ಪ, ಅಲ್ಲಿ ಹೋಗಿ ಕೂತು ತಿನ್ನು. ದಾರೀಲಿ ಜೋರಾಗಿ ಓಡಿಸಬೇಡ. ಹುಡುಗಿ ಇಲ್ಲಿಂದ ನೇರ ಭರತಪುರಕ್ಕೆ, ತವರಿಗೆ ಹೋಗ್ತಾಳಂತೆ. ನಿನಗೆ ಇನ್ನೂ ಹೇಳಿಲ್ಲವಂತೆ."

ಗಂಡನಾಗಿ ಆಡಬೇಕಾದ ಮಾತುಗಳೆಲ್ಲ ಎದೆಯಿಂದ ಹೊರಟವು. ಹೋಗಬೇಡ ಎನ್ನಬೇಕು, ಕ್ಷಮಿಸು ಎನ್ನಬೇಕು, ಕೈಯನ್ನಾದರೂ ಹಿಡಿಯಬೇಕು. ಅವು ಗಂಟಲಿಗೆ ಬರುವ ಮುಂಚೆಯೇ ಬಾಯಿ ಉತ್ತರ ಕೊಟ್ಟಾಗಿತ್ತು:

"ಸರಿ ಮೇಡಂ, ಗಾಡಿ ಗೇಟಿಗೆ ತರ್ತೀನಿ."