ಬಾಲವಿಲ್ಲದ ಆನೆಯ ಬಾಟಲಿ

ಗಸಗಸೆ ಪಾಯಸ ಒಂದು ಲೋಟ ಹೆಚ್ಚಾದರೆ ಮಧ್ಯಾಹ್ನವಿಡೀ ತೂಕಡಿಸುವ ಮನುಷ್ಯ ನಾನು. ಅಂಥ ನನಗೆ ಪಿರಿಯಾಪಟ್ಟಣದ ಜನ ‘ಬೀರ್ ನಟರಾಜು’ ಎಂಬ ಬಿರುದು ದಯಪಾಲಿಸಿದ್ದಾರೆ. ಕಾರಣ, ನಮ್ಮ ನಡುಮನೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದ ಮೂವತ್ತೊಂದು ಖಾಲಿ ಬಾಟಲಿಗಳು.

ಅವು ಸಾಮಾನ್ಯ ಬಾಟಲಿಗಳಲ್ಲ. ಹುಣಸೂರಿನ ಕಡೆ ಹಿಂದೆ ಇದ್ದ ಆನೆಮಾರ್ಕ್ ಬ್ರೂವರಿಯವು. ಆ ಬ್ರೂವರಿ ಹುಟ್ಟಿದ್ದು, ಕೊಬ್ಬಿದ್ದು, ಬಾಗಿಲು ಹಾಕಿದ್ದು ಎಲ್ಲ ನನಗೆ ಬಾಯಿಪಾಠ. ಮೊದಲ ವರ್ಷ ಗಾಜಿನ ಮೇಲೆ ಉಬ್ಬುವಂತೆ ಆನೆಯ ಅಚ್ಚು ಮಾಡಿದವನು ಬಾಲವನ್ನೇ ಮರೆತ. ಬಾಟಲಿ ಊರೂರಿಗೆ ಹೋದ ಮೇಲೆ ಅದು ಮಾಲೀಕರ ಕಣ್ಣಿಗೆ ಬಿತ್ತು. ಮರುವರ್ಷ ಬಾಲ ಬಂತು, ನೆಲ ಗುಡಿಸುವಷ್ಟು ಉದ್ದದ್ದು. ಬಾಲವಿಲ್ಲದ ಆನೆ ಈಗ ಹುಡುಕಿದರೂ ಸಿಗುವುದಿಲ್ಲ. ನನಗೆ ಒಂದೇ ಒಂದು ಸಿಕ್ಕಿತ್ತು, ಎಚ್.ಡಿ. ಕೋಟೆಯ ಒಂದು ಮನೆಯಲ್ಲಿ, ಹರಳೆಣ್ಣೆ ತುಂಬಿಕೊಂಡು. ಎರಡು ಸ್ಟೀಲ್ ಡಬ್ಬಿ ಕೊಟ್ಟು ಬಿಡಿಸಿಕೊಂಡು ಬಂದೆ. (ಡಬ್ಬಿ ನಮ್ಮ ಅಡುಗೆಮನೆಯದು. ನನ್ನ ಹೆಂಡತಿ ವಿಮಲ ಇನ್ನೂ ಹುಡುಕುತ್ತಿದ್ದಾಳೆ.)

ಅದರ ಫೋಟೋವನ್ನು ವಾಟ್ಸಾಪಿಗೆ ಹಾಕಿದ್ದೇ ತಡ, ಗುರುತಿಲ್ಲದವರು ಇಬ್ಬರು ಫೋನ್ ಮಾಡಿ ಮನೆ ಎಲ್ಲಿ ಎಂದು ಕೇಳಿದರು. ನನಗೆ ಕಳ್ಳರ ಭಯ ಹತ್ತಿತು. ಗಾರೆ ಮಂಚಯ್ಯನನ್ನು ಕರೆಸಿ, ಕಾಂಪೌಂಡ್ ಗೋಡೆ ಎತ್ತರಿಸಿ ಮೇಲೆ ಗಾಜಿನ ಚೂರು ನೆಡಲು ಹೇಳಿದೆ.

“ಖಾಲಿ ಬಾಟ್ಲಿ ಕದಿಯೋಕೆ ಯಾವ ಕಳ್ಳ ಬತ್ತಾನ್ರೀ?” ಎಂದಳು ವಿಮಲ. “ಭಾನುವಾರ ರೂಪನ್ನ ನೋಡೋಕೆ ಮಿರ್ಲೆಯಿಂದ ಗಂಡಿನೋರು ಬತ್ತಾವ್ರೆ. ಮೊದ್ಲು ಆ ದರಿದ್ರಾನ ಕಣ್ಮರೆ ಮಾಡಿ. ಕುಡುಕನ ಮನೆ ಅಂತ ಕಾಫೀನೂ ಕುಡೀದೆ ಎದ್ದೋಯ್ತಾರೆ.”

“ಅದು ದರಿದ್ರ ಅಲ್ಲ ಕಣೇ, ಇತಿಹಾಸ.”

“ನಿಮ್ ಇತಿಹಾಸಕ್ಕೆ ನನ್ ಮಗಳು ಮನೇಲೇ ಕೂತ್ಕಬೇಕಾ?”

ಬಾಟಲಿ ಕದಲುವುದಿಲ್ಲ ಎಂದು ಘೋಷಿಸಿ, ಶುಕ್ರವಾರ ಹೊಗೆಸೊಪ್ಪಿನ ಹರಾಜಿಗೆ ಹೋದೆ. ಅಲ್ಲಿಗೆ ಮಂಚಯ್ಯನ ಫೋನ್ ಬಂತು.

“ಅಣ್ಣೋ, ಗೋಡೆಗೆ ಗಾಜು?”

“ಬ್ಯಾರನ್ ಹತ್ರ ಮೂಟೇಲಿ ಬಾಟ್ಲಿ ಅವೆ, ಒಡ್ದು ಹಾಕು.” ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಕಾಯುವವರು ಕುಡಿದು ಬಿಟ್ಟುಹೋದ ಬಾಟಲಿಗಳು ಅವು.

“ಇಲ್ಲಿ ಎರಡು ಮೂಟೆ ಅವಲ್ಲಣ್ಣಾ, ಯಾವ್ದು?”

ನನ್ನ ಸೊಪ್ಪಿನ ಸರದಿ ಬಂದಿತ್ತು. “ಎರಡೂ ಒಡೀಲಾ. ಕೈ ಬಿಗಿ ಮಾಡ್ಬೇಡ, ಒತ್ತೊತ್ತಾಗಿ ನೆಡು” ಎಂದು ಉದಾರವಾಗಿ ಅಪ್ಪಣೆ ಕೊಡಿಸಿದೆ.

ಸಂಜೆ ಮನೆಗೆ ಬಂದರೆ ಗೋಡೆ ಥಳಥಳ ಹೊಳೆಯುತ್ತಿತ್ತು. ಒಳಗೆ ಬೀರುವಿನಲ್ಲಿ ಬಾಟಲಿಗಳ ಜಾಗದಲ್ಲಿ ಪಿಂಗಾಣಿ ಬಟ್ಟಲುಗಳು ಕೂತಿದ್ದವು.

“ಬಾಟ್ಲಿ ಎಲ್ಲೇ?”

“ಗಾಬರಿ ಯಾಕೆ? ಒಂದೊಂದಕ್ಕೂ ಹುಲ್ಲು ಸುತ್ತಿ, ಗೋಣಿಚೀಲಕ್ಕೆ ತುಂಬಿ ಬ್ಯಾರನ್ ಹತ್ರ ಜೋಪಾನವಾಗಿ ಇಟ್ಟಿವ್ನಿ. ಸೋಮವಾರ ವಾಪಸ್ ಜೋಡಿಸ್ಕಳಿ.”

ಹೊರಗೆ ಓಡಿದೆ. ಇಲ್ಲೊಂದು ಸೊಂಡಿಲು, ಅಲ್ಲೊಂದು ಕಾಲು, ಗೇಟಿನ ಪಕ್ಕದಲ್ಲಿ ಬಾಲವಿಲ್ಲದ ಹಿಂಭಾಗ. ನನ್ನ ಸಂಗ್ರಹವನ್ನು ಕಾಯಲು ನನ್ನ ಸಂಗ್ರಹವನ್ನೇ ಗೋಡೆ ಹತ್ತಿಸಿದ್ದೆ. ಮರ್ಯಾದೆ ಬಿಟ್ಟು ಹೇಳುತ್ತೇನೆ, ಅಲ್ಲೇ ಕೂತು ಅತ್ತೆ.

ಭಾನುವಾರ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಚಲುವಯ್ಯನವರು ಗೇಟಿನ ಬಳಿಯೇ ನಿಂತು ಗೋಡೆ ನೋಡತೊಡಗಿದರು. ವಿಮಲ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

“ಬಾಲ ಇಲ್ಲ” ಎಂದರು ಚಲುವಯ್ಯ. ಗೇಟಿನ ಪಕ್ಕದ ಚೂರನ್ನು ಬೆರಳಿನಿಂದ ಮೆಲ್ಲಗೆ ಸವರಿದರು. “ನನ್ನತ್ರ ಬಾಲ ಇರೋವು ನಲವತ್ತು ಅವೆ. ಈ ಒಂದುಕ್ಕೆ ಹದಿನೈದು ವರ್ಷ ಅಲೆದಿವ್ನಿ. ಇದ್ನ ಒಡ್ದೋನು ಯಾವನ್ರೀ?”

ನಾನು ಗೋಡೆಗೆ ನೀರು ಹಾಕುತ್ತಿದ್ದ ಮಂಚಯ್ಯನ ಕಡೆ ಮೆಲ್ಲಗೆ ಬೆರಳು ತೋರಿಸಿದೆ.

“ಅಣ್ಣನೇ ಫೋನಲ್ಲಿ ಎರಡು ಮೂಟೇನೂ ಒಡಿ ಅಂದಿದ್ದು” ಎಂದ ಆ ಸತ್ಯವಂತ.

ಚಲುವಯ್ಯ ನನ್ನ ಮುಖ ನೋಡಲಿಲ್ಲ. ಸಂಬಂಧ ಮುರಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಚಿಕ್ಕಬೀರಮ್ಮ ಮುಂದೆ ಬಂದು, ಚೂರುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ತುಂಬ ನೋಡಿದರು. ಆಮೇಲೆ ರೂಪಳನ್ನೂ ನೋಡದೆ, ಕಾಫಿಗೂ ಕಾಯದೆ, ನನಗೆ ಕೈ ಮುಗಿದರು.

“ಬೀಗ್ರೇ, ನಮ್ ಮನೇಗೂ ಕಾಂಪೌಂಡ್ ಹಾಕುಸ್ಬೇಕು. ಒಂದ್ಸಲ ಬಂದೋಗಿ.”